ನೆಟ್ ಇಲ್ಲ ಅಂದರೆ ಎಲ್ಲಿ ಇಲ್ಲ?

ಮಳೆಗಾಲದಲ್ಲಿ ಕೊಡಗಿನ ಯಾವ ಹಳ್ಳಿಗೆ ಹೋದರೂ ಮತ್ತೆ ಮತ್ತೆ ಕಿವಿಗೆ ಬೀಳುವ ಮಾತು "ನೆಟ್ ಇಲ್ಲ". ಪಹಣಿ ತೆರೆಯಲಿಲ್ಲವೇ, ನೆಟ್ ಇಲ್ಲ. ಅಂಗಡಿಯಲ್ಲಿ ದುಡ್ಡು ಹೋಗಲಿಲ್ಲವೇ, ನೆಟ್ ಇಲ್ಲ. ಮಗಳ ಕಾಲೇಜಿನ ಅರ್ಜಿ ತುಂಬುವಾಗ ಪುಟ ಬಿಳಿಯಾಗಿ ನಿಂತುಬಿಟ್ಟಿತೇ, ಅದಕ್ಕೂ ನೆಟ್ ಇಲ್ಲ. ನ್ಯಾಯಬೆಲೆ ಅಂಗಡಿಯ ಯಂತ್ರ ಬೆರಳಚ್ಚು ತೆಗೆದುಕೊಳ್ಳದಿದ್ದರೂ ಅದೇ ಉತ್ತರ. ಕೇಳಿದವರು ಕೊಡೆ ಬಿಚ್ಚಿಕೊಂಡು ಮನೆಗೆ ನಡೆಯುತ್ತಾರೆ. ಮರುದಿನ ಮತ್ತೆ ಬರುತ್ತಾರೆ. ಜೀಪಿಗೋ ಬಸ್ಸಿಗೋ ದುಡ್ಡು ಕೊಟ್ಟು, ಕೆಲಸ ಬಿಟ್ಟು ಬರುತ್ತಾರೆ.

ನಮ್ಮದು ಸೋಮವಾರಪೇಟೆ ಕಡೆಯ ಹಳ್ಳಿ. ಅಕ್ಕಪಕ್ಕದವರು ಆಗಾಗ ಫೋನ್ ತಂದು ನನ್ನ ಕೈಗೆ ಕೊಡುತ್ತಾರೆ. "ಅಕ್ಕಾ, ಇದು ಏನೋ ಕೇಳ್ತಿದೆ, ಸ್ವಲ್ಪ ನೋಡಿ" ಅನ್ನುತ್ತಾರೆ. ಹಾಗೆ ನೋಡುತ್ತಾ, ಹೇಳಿಕೊಡುತ್ತಾ ನನಗೆ ಒಂದು ವಿಷಯ ಗಟ್ಟಿಯಾಯಿತು. ಬ್ರೌಸರ್, ಸರ್ವರ್, ಕುಕೀಸ್, ಕ್ಲೌಡ್, ಕ್ಯಾಶೆ ಅಂತ ಒಂದೊಂದು ಪದಕ್ಕೂ ಅರ್ಥ ಬಾಯಿಪಾಠ ಮಾಡಿಸಿದರೆ ಮರುವಾರಕ್ಕೆ ಎಲ್ಲ ಮರೆತುಹೋಗುತ್ತದೆ. ಅದರ ಬದಲು ಒಂದೇ ಪ್ರಶ್ನೆ ಕೇಳುವುದನ್ನು ಕಲಿಸಿದರೆ ಪದಗಳು ತಾವಾಗಿಯೇ ಸಾಲಾಗಿ ಕೂರುತ್ತವೆ. ಇದು ಎಲ್ಲಿ ನಡೆಯುತ್ತಿದೆ? ನನ್ನ ಫೋನಿನ ಒಳಗೋ, ದಾರಿಯಲ್ಲೋ, ಆ ಕಡೆಯ ಕಂಪ್ಯೂಟರಿನಲ್ಲೋ?

"ಟೆಕ್ನಿಕಲ್ ಪದ ನಮ್ಮಂಥವರಿಗೆ ಹತ್ತಲ್ಲ" ಅನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಕಾಫಿ ತೋಟದವರನ್ನೇ ನೋಡಿ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್, ಹಣ್ಣನ್ನು ಹಾಗೇ ಒಣಗಿಸಿದ ಚೆರಿ ಎಲ್ಲ ಮನೆಮಾತು. ವ್ಯಾಪಾರಿ ಓಟಿ ಎಷ್ಟು ಅಂತ ಕೇಳಿದರೆ, 50 ಕೆಜಿ ಚೆರಿ ಚೀಲಕ್ಕೆ ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನುವ ಲೆಕ್ಕ ಅಂತ ಶಾಲೆ ಮುಖ ನೋಡದ ಅಜ್ಜನಿಗೂ ಗೊತ್ತು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದರೆ "ನಮ್ಮಲ್ಲಿ 1 ಇಂಚು 20 ಸೆಂಟು" ಅಂತ ಅಳೆದು ಹೇಳುತ್ತಾರೆ. ಇಂಚಿನ ನೂರನೇ ಒಂದು ಪಾಲು ಸೆಂಟು ಅಂತ ಯಾರೂ ಪಾಠ ಮಾಡಿಲ್ಲ. ಅಂಗಳದಲ್ಲಿ ಮಳೆ ಅಳೆಯುವ ಪಾತ್ರೆ ಇದೆ, ಕಣದಲ್ಲಿ ಕಾಫಿ ಇದೆ, ಕಣ್ಣಾರೆ ನೋಡಿ ಕಲಿತರು. ಸರ್ವರನ್ನು ಮಾತ್ರ ಯಾರೂ ನೋಡಿಲ್ಲ. ಅದು ಎಲ್ಲಿದೆ ಅಂತಲೂ ಯಾರೂ ಹೇಳಿಲ್ಲ. ಪದವೊಂದೇ ಬಂದು ಕೂತಿದೆ.

ಹಾಗಾಗಿ ಮೊದಲು ದಾರಿಯಿಂದಲೇ ಶುರು ಮಾಡೋಣ. ಕೊಡಗಿನಲ್ಲಿ ತೊಂದರೆ ಜಾಸ್ತಿ ಇರುವುದು ಅಲ್ಲಿಯೇ ಅಲ್ವಾ.

ಫೋನಿನ ಮೇಲ್ಭಾಗದಲ್ಲಿ ಕಾಣುವ ಕಡ್ಡಿಗಳು ತುಂಬಿದ್ದರೆ ನೆಟ್ ಚೆನ್ನಾಗಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆ ಕಡ್ಡಿಗಳು ತೋರಿಸುವುದು ಫೋನಿನಿಂದ ಟವರಿನವರೆಗಿನ ಸಂಕೇತದ ಬಲ ಮಾತ್ರ. ಟವರಿನಿಂದ ಮುಂದಕ್ಕೆ ಇನ್ನೊಂದು ಸಂಪರ್ಕ ಬೇಕು. ಅದು ನೆಲದಲ್ಲಿ ಹೂತ ಅಥವಾ ಕಂಬದ ಮೇಲೆ ಎಳೆದ ಫೈಬರ್ ಕೇಬಲ್ ಇರಬಹುದು. ಇಲ್ಲವೇ ಬೆಟ್ಟದಿಂದ ಬೆಟ್ಟಕ್ಕೆ ರೇಡಿಯೊ ತರಂಗದ ಸಂಪರ್ಕ ಇರಬಹುದು. ಜುಲೈನಲ್ಲಿ ಮರ ಬಿದ್ದು ಕೇಬಲ್ ತುಂಡಾದರೆ, ಗುಡ್ಡದ ಬರೆ ಜರಿದು ರಸ್ತೆ ಬದಿಯ ಫೈಬರ್ ಕಿತ್ತುಹೋದರೆ, ಕಡ್ಡಿಗಳು ಪೂರ್ತಿ ಇದ್ದರೂ ಒಂದು ಪುಟವೂ ತೆರೆಯುವುದಿಲ್ಲ. ಕರೆಂಟ್ ಹೋಗಿ ಟವರಿನ ಬ್ಯಾಟರಿ, ಜನರೇಟರ್ ಎರಡೂ ಮುಗಿದರೆ ಮಾತ್ರ ಕಡ್ಡಿಗಳೇ ಮಾಯ. ಎರಡೂ ಬೇರೆ ಬೇರೆ ತೊಂದರೆ. ಮೊದಲನೆಯದಕ್ಕೆ ಗುಡ್ಡ ಹತ್ತಿ ಫೋನ್ ಎತ್ತಿ ಹಿಡಿದರೆ ಏನೂ ಆಗುವುದಿಲ್ಲ. ಎರಡನೆಯದಕ್ಕೆ ಗುಡ್ಡ ಹತ್ತಿದರೆ ಇನ್ನೊಂದು ಟವರ್ ಸಿಕ್ಕರೂ ಸಿಗಬಹುದು.

ವೈ-ಫೈ ವಿಷಯವೂ ಹೀಗೇ. ಬೀಸಣಿಗೆಯ ಹಾಗೆ ಕಾಣುವ ಆ ಗುರುತು, ನಿಮ್ಮ ಫೋನು ಮನೆಯೊಳಗಿನ ರೂಟರ್ ಪೆಟ್ಟಿಗೆಗೆ ಸೇರಿದೆ ಅಂತ ಹೇಳುತ್ತದೆ, ಅಷ್ಟೇ. ರೂಟರಿಗೆ ಹೊರಗಿನಿಂದ ಸಂಪರ್ಕ ಬರುತ್ತಿದೆಯೋ ಇಲ್ಲವೋ ಅದು ಬೇರೆ. ಅದಕ್ಕೇ ಒಮ್ಮೊಮ್ಮೆ "ಕನೆಕ್ಟೆಡ್, ಇಂಟರ್ನೆಟ್ ಇಲ್ಲ" ಅಂತ ಬರುತ್ತದೆ. ಆಗ ವೈ-ಫೈ ಆರಿಸಿ ಮೊಬೈಲ್ ಡೇಟಾ ಹಾಕಿ ನೋಡಬೇಕು. ವೇಗದ ಬಗ್ಗೆಯೂ ಒಂದು ಮಾತು. 100 ಎಂಬಿಪಿಎಸ್ ಅಂತ ಪ್ಯಾಕ್ ಮಾರುವಾಗ ಅದು ಬಿಟ್ ಲೆಕ್ಕ. ನಾವು ಫೋಟೊ, ವೀಡಿಯೊ ಅಳೆಯುವುದು ಬೈಟ್ ಲೆಕ್ಕದಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಅಂದರೆ 100 ಎಂಬಿಪಿಎಸ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ ಇಳಿಯುತ್ತದೆ.

ದಾರಿ ಸರಿ ಇದೆಯೋ ಇಲ್ಲವೋ ತಿಳಿಯುವುದು ಕಷ್ಟವಿಲ್ಲ. ಪಹಣಿ ಪುಟ ತೆರೆಯದಿದ್ದರೆ ಬೇರೆ ಒಂದು ಪುಟ ತೆರೆಯಿರಿ, ಯಾವುದಾದರೂ ಪತ್ರಿಕೆಯದ್ದು. ಅದು ಬಂದರೆ ನಿಮ್ಮ ಫೋನೂ ಚೆನ್ನಾಗಿದೆ, ದಾರಿಯೂ ಚೆನ್ನಾಗಿದೆ. ತೊಂದರೆ ಆ ಕಡೆಯ ಕಂಪ್ಯೂಟರಿನಲ್ಲಿ. ಆ ಕಂಪ್ಯೂಟರಿಗೇ ಸರ್ವರ್ ಅನ್ನುವುದು. ನಮ್ಮ ಮನೆಯ ಕಂಪ್ಯೂಟರಿನ ಜಾತಿಯದ್ದೇ, ಆದರೆ ಹಗಲು ರಾತ್ರಿ ಆರದೆ ಓಡುತ್ತದೆ. ಸಾವಿರಾರು ಜನ ಒಟ್ಟಿಗೆ ಕೇಳಿದ್ದನ್ನು ಹುಡುಕಿ ಕಳಿಸುವುದೇ ಅದರ ಕೆಲಸ. ಎಲ್ಲರೂ ಒಂದೇ ಹೊತ್ತಿಗೆ ಕೇಳಿದರೆ ತಡವರಿಸುತ್ತದೆ. ಅರ್ಜಿಯ ಕೊನೇ ದಿನ, ರಿಸಲ್ಟ್ ಬರುವ ದಿನ ಹಾಗಾಗುವುದು ಅದಕ್ಕೇ. ಬೇಕಂತಲೇ ಸುಳ್ಳು ಬೇಡಿಕೆ ಸುರಿದು ಸರ್ವರನ್ನು ಕುಸಿಯುವಂತೆ ಮಾಡುವವರೂ ಇದ್ದಾರೆ. ಡಿಡಾಸ್ ದಾಳಿ ಅನ್ನುವುದು ಇದನ್ನೇ. 2025ರ ಆರಂಭದಲ್ಲಿ ರಾಜ್ಯದ ಆಸ್ತಿ ನೋಂದಣಿಯ ಕಾವೇರಿ 2.0 ಜಾಲತಾಣದ ಮೇಲೆ ಇಂಥ ದಾಳಿ ನಡೆದು, ನೋಂದಣಿ ಕೆಲಸಕ್ಕೆ ಭಾರಿ ಪೆಟ್ಟು ಬಿತ್ತು. ಅಂಥ ದಿನ ನೀವು ಫೋನ್ ಬದಲಾಯಿಸಿದರೂ, ಸಿಮ್ ಬದಲಾಯಿಸಿದರೂ, ಗುಡ್ಡ ಹತ್ತಿದರೂ ಪ್ರಯೋಜನ ಇಲ್ಲ. ಕಾದು ಬೇರೆ ಹೊತ್ತಿನಲ್ಲಿ ನೋಡಬೇಕು. ಇಷ್ಟು ಗೊತ್ತಾದರೆ ಬಸ್ ಚಾರ್ಜ್ ಉಳಿಯುತ್ತದೆ.

ದುಡ್ಡು ಕಟ್ಟುವಾಗ ಚಕ್ರ ಸುತ್ತುತ್ತಾ ನಿಂತರೆ ಈ "ಎಲ್ಲಿ" ಅನ್ನುವ ಪ್ರಶ್ನೆ ಇನ್ನೂ ಮುಖ್ಯ. ಕೆಲವು ಸಲ ನಿಮ್ಮ ಬೇಡಿಕೆ ಬ್ಯಾಂಕಿನ ಸರ್ವರ್ ತಲುಪಿ ದುಡ್ಡು ಕಡಿತವಾಗಿರುತ್ತದೆ. ಉತ್ತರ ವಾಪಸ್ ಬರುವ ದಾರಿಯಲ್ಲಿ ತುಂಡಾಗಿರುತ್ತದೆ. ಪರದೆ ನೋಡಿದವರು ಆಗಲಿಲ್ಲ ಅಂದುಕೊಂಡು ಮತ್ತೆ ಒತ್ತುತ್ತಾರೆ. ಎರಡು ಸಲ ಹೋಗುತ್ತದೆ. ಮೊದಲು ಬ್ಯಾಂಕಿನ ಮೆಸೇಜ್ ಅಥವಾ ಆ್ಯಪ್‌ನ ಹಿಸ್ಟರಿ ನೋಡಿ, ಆಮೇಲೆ ಒತ್ತಿ. ಯುಪಿಐನಲ್ಲಿ ದುಡ್ಡು ಕಡಿತವಾಗಿ ಆ ಕಡೆ ಸೇರದಿದ್ದರೆ ಅದು ತಾನಾಗಿಯೇ ವಾಪಸ್ ಬರಬೇಕು ಅಂತ ರಿಸರ್ವ್ ಬ್ಯಾಂಕ್ 2019ರಲ್ಲಿ ಗಡುವು ಹಾಕಿದೆ. ಒಬ್ಬರಿಂದ ಒಬ್ಬರಿಗೆ ಕಳಿಸಿದ್ದಾದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದಾದರೆ 5 ದಿನದೊಳಗೆ. ಗಡುವು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದನ್ನು ಕೇಳಿದ ಮೇಲೆ ನಮ್ಮೂರಿನವರ ಮುಖದಲ್ಲಿ ಎಷ್ಟು ನಿರಾಳ ಬರುತ್ತದೆ ಅಂತ ನಾನು ನೋಡಿದ್ದೇನೆ.

ಈಗ ಫೋನಿನ ಒಳಗೆ ಬರೋಣ. ಬ್ರೌಸರ್ ಅನ್ನುವುದು ನಿಮ್ಮ ಫೋನಿನಲ್ಲಿರುವ ಒಂದು ಆ್ಯಪ್. ಕ್ರೋಮ್ ಒಂದು, ಫೈರ್‌ಫಾಕ್ಸ್ ಇನ್ನೊಂದು. ಯಾವ ಜಾಲತಾಣವನ್ನಾದರೂ ತೆರೆದು ತೋರಿಸುವುದು ಅದರ ಕೆಲಸ. ಗೂಗಲ್ ಹುಡುಕಾಟ ಬೇರೆ. ಅದು ಆ ಕಡೆ ಇರುವ ಒಂದು ಸೇವೆ. ಎರಡೂ ಒಂದೇ ಪೆಟ್ಟಿಗೆಯಲ್ಲಿ ಟೈಪ್ ಮಾಡುವಂತೆ ಇಟ್ಟಿರುವುದರಿಂದ ಎಲ್ಲರಿಗೂ ಒಂದೇ ಅನ್ನಿಸುತ್ತದೆ. ಆದರೆ ವ್ಯತ್ಯಾಸ ದೊಡ್ಡದು. ಆ ಪೆಟ್ಟಿಗೆಯಲ್ಲಿ ಪೂರ್ತಿ ವಿಳಾಸ ಹಾಕಿದರೆ ನೇರ ಅಲ್ಲಿಗೆ ಹೋಗುತ್ತೀರಿ. ಬರೀ "ಪಹಣಿ" ಅಂತ ಹಾಕಿದರೆ ಗೂಗಲ್ ಒಂದು ಪಟ್ಟಿ ಕೊಡುತ್ತದೆ. ಪಟ್ಟಿಯ ಮೇಲ್ಗಡೆ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು ಇರಬಹುದು. "ಪ್ರಾಯೋಜಿತ" ಅಂತ ಸಣ್ಣದಾಗಿ ಬರೆದಿರುತ್ತದೆ. ಬ್ಯಾಂಕಿನ ಕಸ್ಟಮರ್ ಕೇರ್ ನಂಬರ್ ಹುಡುಕಿ ಮೋಸ ಹೋಗುವವರು ಬೀಳುವುದು ಈ ಪಟ್ಟಿಯಲ್ಲೇ. ಯಾರೋ ಹಾಕಿದ ಸುಳ್ಳು ನಂಬರಿಗೆ ತಾವೇ ಕರೆ ಮಾಡಿರುತ್ತಾರೆ. ಬ್ಯಾಂಕಿನ ನಂಬರ್ ಬೇಕಿದ್ದರೆ ಎಟಿಎಂ ಕಾರ್ಡಿನ ಹಿಂಭಾಗದಲ್ಲಿ ಇದೆ, ಪಾಸ್‌ಬುಕ್ಕಿನಲ್ಲಿ ಇದೆ.

ವಿಳಾಸ ಓದುವುದನ್ನು ಕಲಿಯದೆ ಬೇರೆ ಏನು ಕಲಿತರೂ ಅರ್ಧ ಅಂತ ನನ್ನ ಅಭಿಪ್ರಾಯ. ವೆಬ್, ಅಂದರೆ ಈ ಜಾಲತಾಣಗಳೆಲ್ಲ ಸೇರಿದ ಜಾಲ, ಹುಟ್ಟಿದ ರೀತಿಯಲ್ಲೇ ಇದಕ್ಕೆ ಕಾರಣ ಇದೆ. ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿ 1989ರಲ್ಲಿ ಜಿನೀವಾ ಹತ್ತಿರದ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಇದನ್ನು ಯೋಚಿಸಿದರು. 1993ರಲ್ಲಿ ಸರ್ನ್ ಇದನ್ನು ಯಾರು ಬೇಕಾದರೂ ದುಡ್ಡು ಕೊಡದೆ ಬಳಸಲಿ ಅಂತ ಬಿಟ್ಟುಕೊಟ್ಟಿತು. ಅದರಿಂದಲೇ ಇಷ್ಟು ಬೆಳೆಯಿತು. ಅದರಿಂದಲೇ ಯಾರು ಬೇಕಾದರೂ ಒಂದು ಜಾಲತಾಣ ಮಾಡಿ, ಸರ್ಕಾರದ್ದರ ಹಾಗೆಯೇ ಬಣ್ಣ ಹಚ್ಚಿ, ಲಾಂಛನ ಅಂಟಿಸಿ ಇಡಬಹುದು. ಪುಟದ ಚಂದ ನೋಡಿ ನಂಬುವಂತಿಲ್ಲ. ನಂಬಬೇಕಾದ್ದು ವಿಳಾಸವನ್ನು.

ವಿಳಾಸವನ್ನು ಬಲದಿಂದ ಎಡಕ್ಕೆ ಓದಬೇಕು. ಕರ್ನಾಟಕದ ಪಹಣಿ ಸಿಗುವ ವಿಳಾಸ ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್. ಕೊನೆಯ "ಇನ್" ಭಾರತ. ಅದರ ಎಡಕ್ಕೆ "ಗವ್", ಅಂದರೆ ಸರ್ಕಾರ. ಈ ಎರಡು ಸೇರಿದ ಹೆಸರು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ, ಖಾಸಗಿಯವರಿಗೆ ಕೊಡುವುದಿಲ್ಲ. ಅದರ ಎಡಕ್ಕೆ ಯಾವ ಸರ್ಕಾರ ಅಂತ. ಇನ್ನೂ ಎಡಕ್ಕೆ ಆ ಸರ್ಕಾರದ ಯಾವ ವಿಭಾಗ ಅಂತ. ಬಲಗಡೆಯ ತುದಿಯೇ ಯಜಮಾನ. ಎಡಗಡೆಯಲ್ಲಿ ಯಜಮಾನ ಏನು ಬೇಕಾದರೂ ಬರೆದುಕೊಳ್ಳಬಹುದು. ಈಗ ಯಾರಾದರೂ "ಕರ್ನಾಟಕ-ಗವ್-ಇನ್ ಡಾಟ್ ಇನ್ನೇನೋ ಡಾಟ್ ಕಾಮ್" ಅಂತ ಕಳಿಸಿದರು ಅಂದುಕೊಳ್ಳಿ. ಎಡದಿಂದ ಓದಿದವರಿಗೆ ಕರ್ನಾಟಕ ಸರ್ಕಾರ ಕಾಣುತ್ತದೆ. ಬಲದಿಂದ ಓದಿದವರಿಗೆ "ಇನ್ನೇನೋ ಡಾಟ್ ಕಾಮ್" ಕಾಣುತ್ತದೆ. ಅದೇ ನಿಜವಾದ ಮಾಲೀಕ. ವಿಳಾಸದ ಶುರುವಿನಲ್ಲಿರುವ ಎಚ್‌ಟಿಟಿಪಿಎಸ್ ಆದಮೇಲೆ ಬರುವ ಎರಡು ಓರೆಗೆರೆ ಬಿಟ್ಟು, ಆಮೇಲೆ ಮೊದಲು ಸಿಗುವ ಒಂದು ಓರೆಗೆರೆಯ ಹತ್ತಿರ ನಿಲ್ಲಿ. ಅಲ್ಲಿಂದ ಎಡಕ್ಕೆ ಓದಿ. ಓರೆಗೆರೆಯ ಬಲಕ್ಕೆ ಇರುವುದು ಬರೀ ಪುಟದ ಹೆಸರು, ಅದನ್ನು ನಂಬಬೇಡಿ.

ಬ್ಯಾಂಕುಗಳ ವಿಷಯದಲ್ಲಿ ಈಗ ಇದು ಇನ್ನೂ ಸುಲಭವಾಗಿದೆ. ಭಾರತದ ಬ್ಯಾಂಕುಗಳೆಲ್ಲ ತಮ್ಮ ಜಾಲತಾಣಗಳನ್ನು "ಬ್ಯಾಂಕ್ ಡಾಟ್ ಇನ್" ಎಂದು ಕೊನೆಯಾಗುವ ವಿಳಾಸಕ್ಕೆ ಬದಲಾಯಿಸಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತು. 2025ರ ಅಕ್ಟೋಬರ್ 31 ಅದರ ಗಡುವಾಗಿತ್ತು. ಈ ಹೆಸರೂ ಬ್ಯಾಂಕುಗಳಿಗಷ್ಟೇ ಸಿಗುತ್ತದೆ. ಕೊನೆಯ ಎರಡು ತುಣುಕು ನೋಡಿದರೆ ಸಾಕು. ಇಂಗ್ಲಿಷ್ ಓದಲು ಬಾರದವರೂ ಆ ಅಕ್ಷರಗಳ ಆಕಾರ ಗುರುತಿಟ್ಟುಕೊಳ್ಳಬಹುದು. ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಹಾಗೇ ಗುರುತು ಹಿಡಿಯುತ್ತಾರೆ.

ವಿಳಾಸದ ಪಕ್ಕ ಕಾಣುತ್ತಿದ್ದ ಬೀಗದ ಚಿಹ್ನೆಯ ಬಗ್ಗೆಯೂ ಹೇಳಬೇಕು. "ಬೀಗ ಇದ್ದರೆ ಸೇಫ್" ಅಂತ ಬಹಳ ವರ್ಷ ಎಲ್ಲರೂ ಹೇಳಿಕೊಟ್ಟರು. ಬೀಗ ಮತ್ತು ಎಚ್‌ಟಿಟಿಪಿಎಸ್ ಹೇಳುವುದು ದಾರಿಯ ವಿಷಯ. ನೀವು ಬರೆದದ್ದನ್ನು ಗೂಢಲಿಪಿ ಮಾಡಿ ಕಳಿಸಲಾಗುತ್ತಿದೆ, ನಡುವೆ ಯಾರೂ ಓದಲಾರರು ಅಂತ. ಗೋಂದು ಹಚ್ಚಿದ ಲಕೋಟೆಯನ್ನು ಅಂಚೆಯಣ್ಣ ಒಡೆದು ಓದುವುದಿಲ್ಲ, ಸರಿ. ಆದರೆ ಲಕೋಟೆ ಹೋಗಿ ಸೇರುವುದು ಕಳ್ಳನ ಮನೆಗೆ ಆದರೆ? ಮೋಸದ ಜಾಲತಾಣಗಳೂ ಬೀಗ ಹಾಕಿಕೊಂಡೇ ಕೂತಿರುತ್ತವೆ. ಜನ ತಪ್ಪು ತಿಳಿಯುತ್ತಿದ್ದಾರೆ ಅಂತಲೇ ಕ್ರೋಮ್ 2023ರಲ್ಲಿ ಬೀಗದ ಚಿಹ್ನೆ ತೆಗೆದು ಬೇರೆ ಗುರುತು ಇಟ್ಟಿತು.

ಕುಕೀಸ್ ವಿಷಯಕ್ಕೆ ಜನ ಹೆದರುವಷ್ಟು ಹೆದರಬೇಕಿಲ್ಲ. ಸರ್ವರಿಗೆ ನೆನಪು ಕಡಿಮೆ. ಒಂದು ಪುಟ ಕೊಟ್ಟ ಮೇಲೆ, ಮುಂದಿನ ಪುಟ ಕೇಳಿದವರು ಅವರೇನಾ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಇದಕ್ಕೆ ಪರಿಹಾರವಾಗಿ 1994ರಲ್ಲಿ, ಬ್ರೌಸರ್ ಮಾಡುತ್ತಿದ್ದ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಒಂದು ದಾರಿ ಹುಡುಕಿದರು. ಸರ್ವರ್ ಒಂದು ಚಿಕ್ಕ ಗುರುತಿನ ಚೀಟಿ ಬರೆದು ನಿಮ್ಮ ಬ್ರೌಸರಿಗೆ ಕೊಡುತ್ತದೆ. ಆ ಚೀಟಿಯೇ ಕುಕಿ. ಬ್ರೌಸರ್ ಪ್ರತಿ ಸಲ ಅದನ್ನು ತೋರಿಸುತ್ತದೆ. ಒಮ್ಮೆ ಲಾಗಿನ್ ಆದರೆ ಪುಟಪುಟಕ್ಕೂ ಪಾಸ್‌ವರ್ಡ್ ಕೇಳದಿರುವುದು ಅದಕ್ಕೇ. ನೀವು ಎಲ್ಲೆಲ್ಲಿ ಏನೇನು ನೋಡಿದಿರಿ ಅಂತ ಜಾಹೀರಾತಿನವರು ಹಿಂಬಾಲಿಸುವುದಕ್ಕೂ ಇದೇ ಚೀಟಿ ಬಳಕೆಯಾಗುತ್ತದೆ. ಹಾಗಾಗಿ ಜಾಲತಾಣ ಕುಕೀಸ್ ಇಡಲೇ ಅಂತ ಕೇಳಿದಾಗ "ಅಗತ್ಯವಾದವು ಮಾತ್ರ" ಅಂತ ಒತ್ತಿ ಮುಂದೆ ಹೋಗಿ.

ಆದರೆ ಇಲ್ಲೂ ಅದೇ ಪ್ರಶ್ನೆ ಕೇಳಿ. ಚೀಟಿ ಎಲ್ಲಿ ಇದೆ? ನೀವು ಕೂತಿರುವ ಕಂಪ್ಯೂಟರಿನಲ್ಲಿ. ಅದು ಜೆರಾಕ್ಸ್ ಅಂಗಡಿಯದ್ದಾದರೆ ಚೀಟಿ ಅಲ್ಲೇ ಉಳಿಯುತ್ತದೆ. ಟ್ಯಾಬ್ ಮುಚ್ಚಿ ಎದ್ದು ಬಂದರೆ ಸಾಲದು, ಲಾಗ್‌ಔಟ್ ಮಾಡಬೇಕು. ನಮ್ಮಲ್ಲಿ ಆಧಾರ್, ಮಾರ್ಕ್ಸ್ ಕಾರ್ಡ್ ಪ್ರಿಂಟ್ ತೆಗೆಸಲು ಪೇಟೆಯ ಅಂಗಡಿಯಲ್ಲಿ ವಾಟ್ಸಾಪ್ ವೆಬ್ ಸ್ಕ್ಯಾನ್ ಮಾಡುವುದು ದಿನನಿತ್ಯದ ಮಾತು. ಪ್ರಿಂಟ್ ಕೈಗೆ ಬಂದ ಕೂಡಲೇ ಮಳೆ ಬರುವ ಮೊದಲು ಬಸ್ ಹಿಡಿಯುವ ಅವಸರ. ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸಾಪ್ ತೆರೆದೇ ಇರುತ್ತದೆ. ಮನೆಯ ಮಾತು, ಆಸ್ಪತ್ರೆಯ ಮಾತು, ಫೋಟೊ ಎಲ್ಲವೂ. ಬಸ್ಸಿನಲ್ಲಿ ಕೂತ ಮೇಲಾದರೂ ವಾಟ್ಸಾಪಿನ "ಲಿಂಕ್ಡ್ ಡಿವೈಸಸ್" ತೆರೆದು ನೋಡಿ. ಅಲ್ಲಿ ಕಾಣುವ ಕಂಪ್ಯೂಟರಿನ ಹೆಸರು ಒತ್ತಿ ಲಾಗ್‌ಔಟ್ ಮಾಡಿ. ನಿಮ್ಮ ಫೋನಿನಿಂದಲೇ ಆಗುತ್ತದೆ. ನನ್ನ ಹತ್ತಿರ ಫೋನ್ ತಂದವರದ್ದು ನಾನು ಮೊದಲು ನೋಡುವುದೇ ಈ ಜಾಗ.

ಕ್ಯಾಶೆ ಅನ್ನುವುದು ಫೋನಿನ ಒಳಗಿನದ್ದೇ. ಒಮ್ಮೆ ಇಳಿಸಿದ ಚಿತ್ರ, ಪುಟಗಳನ್ನು ಮತ್ತೆ ಬೇಗ ತೋರಿಸಲು ಆ್ಯಪ್ ತನ್ನ ಹತ್ತಿರ ಇಟ್ಟುಕೊಂಡಿರುತ್ತದೆ. ಜಾಗ ತುಂಬಿದರೆ ಇದನ್ನು ಅಳಿಸಬಹುದು, ನಷ್ಟ ಇಲ್ಲ. ಅದರ ಪಕ್ಕದಲ್ಲೇ "ಡೇಟಾ ಅಳಿಸಿ" ಅಂತ ಇನ್ನೊಂದು ಬಟನ್ ಇರುತ್ತದೆ. ಅದನ್ನು ಒತ್ತಿದರೆ ಲಾಗಿನ್, ಸೆಟ್ಟಿಂಗ್, ಫೋನಿನಲ್ಲಷ್ಟೇ ಇದ್ದ ಕಡತ ಎಲ್ಲ ಹೋಗುತ್ತದೆ.

ಆ್ಯಪ್ ಹಾಕಿಕೊಳ್ಳುವ ವಿಷಯದಲ್ಲಿ ನನಗೆ ನಿಜಕ್ಕೂ ಭಯ ಇದೆ. ಜಾಲತಾಣ ಬ್ರೌಸರಿನೊಳಗೆ ಕೂತಿರುತ್ತದೆ, ಅದಕ್ಕೆ ಫೋನಿನ ಉಳಿದ ಭಾಗ ಸುಲಭವಾಗಿ ಸಿಗುವುದಿಲ್ಲ. ಆ್ಯಪ್ ಹಾಗಲ್ಲ, ಮನೆಯೊಳಗೆ ಬಂದು ಸೇರಿಕೊಳ್ಳುತ್ತದೆ. ಪ್ಲೇ ಸ್ಟೋರಿನಿಂದ ಬರುವ ಆ್ಯಪಿಗೆ ಒಂದಷ್ಟು ತಪಾಸಣೆ ಇರುತ್ತದೆ. ಎಪಿಕೆ ಅನ್ನುವುದು ಆಂಡ್ರಾಯ್ಡ್ ಆ್ಯಪಿನ ಕಡತ. ಅದನ್ನು ಪ್ಲೇ ಸ್ಟೋರ್ ಇಲ್ಲದೆ ನೇರ ವಾಟ್ಸಾಪಿನಲ್ಲಿ ಕಳಿಸಬಹುದು. ಮದುವೆ ಕರೆಯೋಲೆ ಅಂತ, ವಾಹನದ ದಂಡದ ಚಲನ್ ಅಂತ, ಬ್ಯಾಂಕ್ ಕೆವೈಸಿ ಅಂತ ಹೆಸರಿಟ್ಟು ಕಳಿಸುವವರು ದೇಶದ ಎಲ್ಲ ಕಡೆ ಇದ್ದಾರೆ. ಡಿಸೆಂಬರಿನಿಂದ ಮೇವರೆಗೆ ನಮ್ಮಲ್ಲಿ ಮದುವೆಗಳ ಕಾಲ. ಕರೆಯೋಲೆ ವಾಟ್ಸಾಪಿನಲ್ಲೇ ಬರುತ್ತದೆ. ನಿಜವಾದ ಕರೆಯೋಲೆ ಫೋಟೊ ಆಗಿರುತ್ತದೆ, ಪಿಡಿಎಫ್ ಆಗಿರುತ್ತದೆ, ವೀಡಿಯೊ ಆಗಿರುತ್ತದೆ. ಕಡತದ ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಮೂರು ಅಕ್ಷರ ಇದ್ದರೆ ಅದು ಕರೆಯೋಲೆ ಅಲ್ಲ. ಕಳಿಸಿದವರು ಸ್ವಂತ ಭಾವನೇ ಆದರೂ ತೆರೆಯಬೇಡಿ. ಅವರ ಫೋನನ್ನು ಮೊದಲೇ ಹಿಡಿದುಕೊಂಡವರು ಅಲ್ಲಿಂದ ಕಳಿಸಿರಬಹುದು.

ಅಂಥ ಆ್ಯಪ್ ಒಳಗೆ ಬಂದ ಮೇಲೆ ಕೇಳುವುದು ಪರ್ಮಿಷನ್. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಈಚೆಗೆ ಕ್ಯಾಮೆರಾ, ಮೈಕ್, ಎಸ್‌ಎಂಎಸ್, ಲೊಕೇಶನ್ ಒಂದೊಂದಕ್ಕೂ ಬೇರೆ ಬೇರೆಯಾಗಿ ಕೇಳಿಯೇ ತೆಗೆದುಕೊಳ್ಳಬೇಕು. ಅಂದರೆ ಅಧಿಕಾರ ನಿಮ್ಮ ಕೈಗೆ ಬಂದಿದೆ. ಪ್ರಶ್ನೆ ಓದದೆ ಸುಮ್ನೆ "ಅನುಮತಿಸಿ" ಒತ್ತಿದರೆ ಆ ಅಧಿಕಾರ ಹೋಯಿತು. ಈ ಆ್ಯಪಿನ ಕೆಲಸಕ್ಕೆ ಇದು ಬೇಕಾ ಅಂತ ಯೋಚಿಸಿ. ಮಳೆ ಎಷ್ಟು ಬರಬಹುದು ಅಂತ ಹೇಳುವ ಆ್ಯಪಿಗೆ ನಿಮ್ಮ ಲೊಕೇಶನ್ ಬೇಕು, ಒಪ್ಪಬಹುದು. ಟಾರ್ಚ್ ಆ್ಯಪಿಗೆ ನಿಮ್ಮ ಎಸ್‌ಎಂಎಸ್ ಯಾಕೆ ಬೇಕು? ಎಸ್‌ಎಂಎಸ್ ಸಿಕ್ಕರೆ ಓಟಿಪಿ ಸಿಕ್ಕಿದ ಹಾಗೆ. ಇನ್ನೂ ಅಪಾಯದ್ದು "ಆಕ್ಸೆಸಿಬಿಲಿಟಿ" ಎಂಬ ಪರ್ಮಿಷನ್. ದೃಷ್ಟಿ ಇಲ್ಲದವರಿಗೆ ಪರದೆ ಓದಿ ಹೇಳುವಂಥ ಒಳ್ಳೆಯ ಕೆಲಸಕ್ಕೆ ಮಾಡಿದ ಸೌಲಭ್ಯ ಅದು. ಬೇರೆ ಯಾವುದೋ ಆ್ಯಪಿಗೆ ಕೊಟ್ಟರೆ ಅದು ನಿಮ್ಮ ಪರದೆಯನ್ನು ಓದುತ್ತದೆ, ನಿಮ್ಮ ಪರವಾಗಿ ಬಟನ್ ಒತ್ತುತ್ತದೆ.

ಯುಪಿಐ ಪಿನ್ ಬಗ್ಗೆ ಒಂದೇ ಮಾತು. 2016ರಲ್ಲಿ ಯುಪಿಐ ಬಂದಾಗಿನಿಂದ ಇವತ್ತಿನವರೆಗೆ ದುಡ್ಡು ಬರಲು ಪಿನ್ ಬೇಕಾಗಿಲ್ಲ. ಪಿನ್ ಕೇಳಿದರೆ ದುಡ್ಡು ಹೊರಗೆ ಹೋಗುತ್ತಿದೆ, ಇಲ್ಲವೇ ನಿಮ್ಮ ಬ್ಯಾಲೆನ್ಸ್ ನೋಡುತ್ತಿದ್ದೀರಿ. ಮೆಣಸು ಕೊಳ್ಳುತ್ತೇವೆ, ಅಡ್ವಾನ್ಸ್ ಕಳಿಸ್ತೀವಿ, ಪಿನ್ ಹಾಕಿ ತಗೊಳ್ಳಿ ಅಂದವರ ಫೋನ್ ಕೂಡಲೇ ಇಟ್ಟುಬಿಡಿ.

ಇನ್ನು ಕ್ಲೌಡ್. ಇದನ್ನು ಹೇಳುವಾಗ ನನಗೆ 2018ರ ಆಗಸ್ಟ್ ನೆನಪಾಗುತ್ತದೆ. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ಬೆಟ್ಟ ಜರಿದಾಗ ಎಷ್ಟೋ ಮನೆಯವರು ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದರು. ಮನೆ ಹೋಯಿತು, ತೋಟ ಹೋಯಿತು. ಹಕ್ಕುಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡ್, ತೀರಿಹೋದವರ ಫೋಟೊ ಎಲ್ಲವೂ ಮಣ್ಣಿನಡಿ ಹೋಯಿತು. ಕ್ಲೌಡ್ ಅಂದರೆ ಆಕಾಶದಲ್ಲಿ ಏನೂ ಇಲ್ಲ. ದೂರದ ಊರಿನ ಸರ್ವರಿನಲ್ಲಿ ನಿಮ್ಮ ಕಡತದ ಒಂದು ಪ್ರತಿ ಇದೆ ಅಂತ ಅರ್ಥ. ಇಲ್ಲಿ ಬೆಟ್ಟ ಜರಿದರೂ ಅಲ್ಲಿ ಅದು ಇರುತ್ತದೆ. ಕೊಡಗಿನವರಿಗೆ ಇದಕ್ಕಿಂತ ಬೇಕಾದ ಪದ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ. 2015ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಡಿಜಿಲಾಕರ್‌ನಲ್ಲಿ ಆಧಾರ್, ಡ್ರೈವಿಂಗ್ ಲೈಸೆನ್ಸ್, ಆರ್‌ಸಿ ಇಂಥವನ್ನು ಆಯಾ ಇಲಾಖೆಯಿಂದಲೇ ತರಿಸಿ ಇಟ್ಟುಕೊಳ್ಳಬಹುದು. ಹಾಗೆ ಇಲಾಖೆಯಿಂದ ಬಂದ ದಾಖಲೆಗೆ ಕಾನೂನಿನಲ್ಲಿ ಮೂಲ ದಾಖಲೆಯಷ್ಟೇ ಬೆಲೆ. ನೀವೇ ಫೋಟೊ ತೆಗೆದು ಏರಿಸಿದ್ದಕ್ಕೆ ಆ ಬೆಲೆ ಇಲ್ಲ, ಆದರೂ ನಂಬರ್ ನೋಡಿ ನಕಲು ಕೇಳಲು ಅದೂ ಸಾಕು. ಹಳೇ ಫೋಟೊ, ಕ್ರಯಪತ್ರ ಎಲ್ಲ ಬೆಳಕಿನಲ್ಲಿಟ್ಟು ಫೋಟೊ ತೆಗೆದು ಕ್ಲೌಡಿಗೆ ಹಾಕಿ. ಜೂನ್ ಬರುವ ಮೊದಲು ಹಾಕಿ.

ಗೂಗಲ್ ಖಾತೆಯಲ್ಲಿ 15 ಜಿಬಿ ಜಾಗ ಪುಕ್ಕಟೆ. ಇಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿ ಇಷ್ಟೇ. ಇಲ್ಲಿ ಒಂದು ಎಚ್ಚರಿಕೆ ಬೇಕು. ಗೂಗಲ್ ಫೋಟೊಸ್ ಫೋನನ್ನೂ ಕ್ಲೌಡನ್ನೂ ಜೋಡಿಸಿ ಇಟ್ಟಿರುತ್ತದೆ. ಇದಕ್ಕೇ ಸಿಂಕ್ ಅನ್ನುವುದು. "ಫೋನಿನಲ್ಲಿ ಜಾಗ ಇಲ್ಲ, ಹೇಗೂ ಕ್ಲೌಡಿನಲ್ಲಿದೆಯಲ್ಲ" ಅಂತ ಆ ಆ್ಯಪಿನೊಳಗೆ ಡಿಲೀಟ್ ಒತ್ತಿದರೆ ಎರಡೂ ಕಡೆ ಅಳಿಸಿಹೋಗುತ್ತದೆ. ಬ್ಯಾಕಪ್ ಆದ ಫೋಟೊ 60 ದಿನ ಕಸದ ಬುಟ್ಟಿಯಲ್ಲಿ ಇರುತ್ತದೆ, ಅಷ್ಟರೊಳಗೆ ನೋಡಿದರೆ ವಾಪಸ್ ತರಬಹುದು. ಫೋನಿನ ಜಾಗ ಮಾತ್ರ ಖಾಲಿ ಮಾಡಲು ಅದೇ ಆ್ಯಪಿನಲ್ಲಿ "ಈ ಸಾಧನದಲ್ಲಿ ಜಾಗ ಖಾಲಿ ಮಾಡಿ" ಅಂತ ಬೇರೆ ಬಟನ್ ಇದೆ. ಅದನ್ನು ಬಳಸಿ.

ಕ್ಲೌಡಿನಲ್ಲಿ ಎಲ್ಲ ಇಟ್ಟ ಮೇಲೆ ಅದರ ಬಾಗಿಲು ಖಾತೆ, ಅಂದರೆ ಅಕೌಂಟ್. ಆ ಖಾತೆ ನಿಜಕ್ಕೂ ಯಾರದ್ದು? ಹೊಸ ಫೋನ್ ತಗೊಂಡಾಗ ಅಂಗಡಿಯ ಹುಡುಗ ಜಿಮೇಲ್ ಮಾಡಿಕೊಟ್ಟಿರುತ್ತಾನೆ. ಪಾಸ್‌ವರ್ಡ್ ಅವನಿಗೆ ಗೊತ್ತು, ಫೋನಿನ ಯಜಮಾನರಿಗೆ ಗೊತ್ತಿಲ್ಲ. ಒಳ್ಳೆಯ ಹುಡುಗನೇ ಇರಬಹುದು. ಆದರೂ ಆ ಫೋನ್ ಕೆಟ್ಟ ದಿನ, ಇಡೀ ಸಂಸಾರದ ಫೋಟೊ ಇರುವ ಖಾತೆಗೆ ಹೋಗಲು ದಾರಿ ಇರುವುದಿಲ್ಲ. ಪಾಸ್‌ವರ್ಡ್ ಮರೆತರೆ ಖಾತೆ ವಾಪಸ್ ಕೊಡಲು ಗೂಗಲ್ ನೋಡುವುದು ರಿಕವರಿ ನಂಬರನ್ನು. ಅಲ್ಲಿ ಯಾರ ನಂಬರ್ ಇದೆಯೋ ಅವರಿಗೆ ಓಟಿಪಿ ಹೋಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಈ ನಂಬರಿನ ವಿಷಯ ಇನ್ನೂ ಸೂಕ್ಷ್ಮ. ಒಂದು ಕಂಪನಿಯ ಸಿಮ್ಮಿಗೆ ತೋಟದಲ್ಲಿ ಟವರ್ ಸಿಗುವುದಿಲ್ಲ ಅಂತ ಜನ ಬೇರೆ ಸಿಮ್ ತಗೊಳ್ಳುತ್ತಾರೆ. ಹಳೇದಕ್ಕೆ ರೀಚಾರ್ಜ್ ಮಾಡುವುದಿಲ್ಲ, ಅದು ಸತ್ತುಹೋಗುತ್ತದೆ. ಸಂಪರ್ಕ ಕಡಿದ ನಂಬರನ್ನು 90 ದಿನ ಆದ ಮೇಲೆ ಕಂಪನಿ ಇನ್ನೊಬ್ಬರಿಗೆ ಕೊಡಬಹುದು. ನಿಮ್ಮ ಬ್ಯಾಂಕಿಗೆ, ಆಧಾರಿಗೆ, ಜಿಮೇಲಿಗೆ ಅದೇ ಹಳೇ ನಂಬರ್ ಇದ್ದರೆ ಓಟಿಪಿ ಎಲ್ಲಿಗೆ ಹೋಗುತ್ತದೆ ಹೇಳಿ? ಟವರ್ ಸಿಗದ ಕಾರಣಕ್ಕೆ ಸಿಮ್ ಬದಲಾಯಿಸುವುದಿದ್ದರೆ ನಂಬರ್ ಬಿಡಬೇಡಿ, ಪೋರ್ಟ್ ಮಾಡಿಸಿ. ನಂಬರ್ ಅದೇ ಉಳಿಯುತ್ತದೆ, ಕಂಪನಿ ಮಾತ್ರ ಬದಲಾಗುತ್ತದೆ. ಬಿಡಲೇಬೇಕು ಅಂದರೆ ಮೊದಲು ಬ್ಯಾಂಕ್, ಆಧಾರ್, ಜಿಮೇಲ್ ಮೂರರಲ್ಲೂ ಹೊಸ ನಂಬರ್ ಹಾಕಿಸಿ, ಆಮೇಲೆ ಹಳೇದು ಬಿಡಿ.

ಮನೆಯಲ್ಲಿ ಹಿರಿಯರಿದ್ದರೆ ಒಂದು ಮಳೆಯ ಸಂಜೆ ಅವರ ಫೋನ್ ತಗೊಂಡು ಪಕ್ಕದಲ್ಲಿ ಕೂರಿ. ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆ ತೆರೆದು, ರಿಕವರಿ ನಂಬರ್ ಯಾರದ್ದಿದೆ ನೋಡಿ. ಪಾಸ್‌ವರ್ಡನ್ನು ಅವರ ಕೈಯಲ್ಲೇ ಹೊಸದು ಮಾಡಿಸಿ, ಅವರದ್ದೇ ಡೈರಿಯಲ್ಲಿ ಬರೆಸಿ. ಬಟನ್ ಅವರೇ ಒತ್ತಲಿ, ನೀವು ಒತ್ತಬೇಡಿ. ಅದೇ ಡೈರಿಯಲ್ಲಿ 1930 ಅಂತಲೂ ಬರೆಸಿ. ಅದು ಸೈಬರ್ ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ. ದುಡ್ಡು ಹೋದದ್ದು ಗೊತ್ತಾದ ಕೂಡಲೇ ಕರೆ ಮಾಡಿದರೆ, ಅದು ಕಳ್ಳನ ಖಾತೆಯಿಂದ ಮುಂದೆ ಹೋಗುವ ಮೊದಲೇ ತಡೆಹಿಡಿಸಲು ಅವಕಾಶ ಇರುತ್ತದೆ. ನಾಚಿಕೊಂಡು ಮಕ್ಕಳಿಗೆ ಹೇಳದೆ ಎರಡು ದಿನ ಕೂತರೆ ಆ ಅವಕಾಶ ಹೋಗುತ್ತದೆ. ಕರೆ ಮಾಡುವಾಗ ಬ್ಯಾಂಕಿನ ಮೆಸೇಜಿನಲ್ಲಿರುವ ವ್ಯವಹಾರದ ನಂಬರ್, ದುಡ್ಡಿನ ಮೊತ್ತ, ಹೋದ ಹೊತ್ತು ಕೈಯಲ್ಲಿರಲಿ. ಆ ಮೆಸೇಜ್ ಅಳಿಸಬೇಡಿ.